ನಿಶ್ಶಬ್ದ ಕಾರ್ಡು ಮೀಮಾಂಸೆ: ಕ್ಲೋಸ್‌ಪೇಟೆ ಸೀಮೆಗೆ ಸಂಬಂಧಿಸಿದಂತೆ

ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ, ಕ್ಲೋಸ್‌ಪೇಟೆ, ಕಾನಕಾನಹಳ್ಳಿ (ಎಂದರೆ ಇಂದಿನ ಕನಕಪುರ) ಸೀಮೆಗಳ ಶಾಸನಗಳೆಲ್ಲ ಅಚ್ಚಾಗಿವೆ. ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆ ಮಾತ್ರ ಒಂದೂ ಇಲ್ಲ. ಅಂದಿಗೆ ಅಂಥ ಪೆಟ್ಟಿಗೆಗಳೇ ಇರಲಿಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ವಿದ್ವತ್ತಿನಲ್ಲಿ ಇಷ್ಟು ಸುಲಭದ ವಾದಗಳಿಗೆ ಎಡೆಯಿಲ್ಲವಾದ್ದರಿಂದ ಆ ಕೊರತೆಯನ್ನು ತುಂಬಲು ಪ್ರಸ್ತುತ ಪ್ರಬಂಧ ಹೊರಟಿದೆ.

ಪೆಟ್ಟಿಗೆಯ ಮೇಲಿನ ಬರಹ ಸರ್ವವಿಧದಲ್ಲೂ ಶಾಸನವೇ. ಮೊದಲಿಗೆ ಪ್ರಶಸ್ತಿ: ಗೇಮಿಂಗ್, ಟ್ರಿಯೋ, ಟೈ, ಸೂಪರ್, ಓಸಿ ಎಂಬ ಬಿರುದಾವಳಿ. ಊರಿಗೊಬ್ಬ ಗಾವುಂಡನಿಗೆ ಇಷ್ಟೊಂದು ಬಿರುದು ಕಂಡರೆ ಇತಿಹಾಸಕಾರ ಹುಬ್ಬೇರಿಸುತ್ತಾನೆ, ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯ ಮುಂದೆ ನಿಂತ ಗಿರಾಕಿಯೂ ಹುಬ್ಬೇರಿಸಬೇಕು. ಅದರಲ್ಲೂ ‘ಓಸಿ’ (ಓವರ್‌ಕ್ಲಾಕ್, ಎಂದರೆ ಗೊತ್ತಾದ ವೇಗ ಮೀರಿ ಓಡಿಸಿದ್ದು) ಎಂಬ ಬಿರುದಿನ ಹಿಂದಿರುವ ಪರಾಕ್ರಮ ಬಹುಪಾಲು ಶೇಕಡ ಒಂದೆರಡು ವೇಗದ್ದು. ಅನಂತರ ದಾನದ ವಿವರ: ಇಷ್ಟು ಜಿಬಿ ಮೆಮೊರಿ, ಇಷ್ಟು ವ್ಯಾಟಿನ ಪವರ್ ಸಪ್ಲೈ ಬೇಕು, ಇತ್ಯಾದಿ. ಕೊನೆಗೆ ಶಾಪಾಶಯ. ಹಿಂದೆ ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಬರುತ್ತಿತ್ತು. ಈಗ ಸ್ಕ್ರೂ ಮೇಲಿನ ಸ್ಟಿಕ್ಕರ್ ಕಿತ್ತವನಿಗೆ ವಾರಂಟಿ ತಪ್ಪುತ್ತದೆ. ಹಳೆಯದಕ್ಕಾದರೆ ಪ್ರಾಯಶ್ಚಿತ್ತವಿತ್ತು.

ಬಿರುದಿನಿಂದ ಮೋಸಹೋಗದಿರಲು ನಮ್ಮ ಸೀಮೆಯವರಿಗೆ ಇರುವಷ್ಟು ತರಬೇತಿ ಬೇರೆ ಯಾರಿಗೂ ಇಲ್ಲ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಆಗಿದ್ದ ಊರು ಸರ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು, ಮುಂದೆ ರಾಮನಗರವಾಯಿತು. 2007ರಲ್ಲಿ ಅದೇ ಹೆಸರಿನ ಜಿಲ್ಲೆ ಬಂತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ತಾತ ಕ್ಲೋಸ್‌ಪೇಟೆಯವನು, ಮಗ ರಾಮನಗರದವನು, ಮೊಮ್ಮಗ ಬೆಂಗಳೂರು ದಕ್ಷಿಣದವನು. ಮೂವರೂ ಮನೆ ಬದಲಿಸಿಲ್ಲ. ಎನ್‌ವಿಡಿಯಾ ಕಂಪನಿಯೂ ಇದೇ ಪದ್ಧತಿಯನ್ನು ಅನುಸರಿಸಿದೆ. ಅದರ 8800 ಜಿಟಿ ಎಂಬ ಕಾರ್ಡು 9800 ಜಿಟಿ ಎಂಬ ಹೆಸರಿನಲ್ಲಿ ಪುನರ್ಜನ್ಮ ತಾಳಿತು. 9800 ಜಿಟಿಎಕ್ಸ್ ಪ್ಲಸ್ ಎಂಬುದು 2009ರಲ್ಲಿ ಜಿಟಿಎಸ್ 250 ಎಂಬ ನಾಮಫಲಕ ಹಾಕಿಕೊಂಡು ಮಾರಾಟಕ್ಕೆ ನಿಂತಿತು. ಒಳಗಿನ ಬಂಡೆ ಅದೇ.

ಪೂರ್ವಪಕ್ಷ ಹೀಗಿದೆ: ವೇಗ ಬಯಸುವವನು ಸದ್ದು ಸಹಿಸಬೇಕು, ಮೌನ ಬಯಸುವವನು ಓವರ್‌ಕ್ಲಾಕಿಂಗ್ ಆಸೆ ಬಿಡಬೇಕು. ಇದಕ್ಕೆ ಪ್ರಮಾಣವಾಗಿ 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾವನ್ನು ಮುಂದಿಡುತ್ತಾರೆ. ಅದರ ಫ್ಯಾನಿನ ಅಬ್ಬರಕ್ಕೆ ಜಗತ್ತು ಧೂಳು ಎಳೆಯುವ ಯಂತ್ರದ ಹೆಸರನ್ನೇ ಇಟ್ಟಿತು. ತಯಾರಕರೇ ಅದನ್ನು ತರಗೆಲೆ ಊದುವ ಯಂತ್ರಕ್ಕೆ ಕಟ್ಟಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ವಿಡಿಯೊ ಹೊರಬಿಟ್ಟರು. (ಅಣಕು ಪ್ರಬಂಧಕ್ಕೆ ಈ ಕ್ಷೇತ್ರದಲ್ಲಿ ಪೂರ್ವಾಚಾರ್ಯರಿದ್ದಾರೆ ಎಂಬುದಕ್ಕೂ ಇದೇ ಪ್ರಮಾಣ.)

ಪೂರ್ವಪಕ್ಷ ನಿಲ್ಲುವುದಿಲ್ಲ. ಶಾಖ ಎಷ್ಟು ಎಂಬುದನ್ನು ವ್ಯಾಟು ತೀರ್ಮಾನಿಸುತ್ತದೆ. ಸದ್ದು ಎಷ್ಟು ಎಂಬುದು ಆ ಶಾಖವನ್ನು ಯಾರು ಹೇಗೆ ಹೊರಹಾಕುತ್ತಾರೆ ಎಂಬುದರ ಮೇಲಿದೆ. ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿಯಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ಅದೇ ಅಳತೆಯ ಇನ್ನೊಂದು ಫ್ಯಾನನ್ನು ಪಕ್ಕಕ್ಕಿಟ್ಟರೆ ಏರುವುದು 3 ಡೆಸಿಬಲ್ ಮಾತ್ರ. ಎರಡು ಫ್ಯಾನಿನ ದುಡಿಮೆಯನ್ನು ಮೂರಕ್ಕೆ ಹಂಚಿ, ವೇಗವನ್ನು ಮೂರರಲ್ಲೊಂದು ಪಾಲು ಇಳಿಸಿದರೆ ಲೆಕ್ಕದ ಪ್ರಕಾರ ಸುಮಾರು 7 ಡೆಸಿಬಲ್ ಉಳಿತಾಯ. ‘ಎಷ್ಟು ಜನ ಇದ್ದರು?’ ಎಂಬ ಪ್ರಶ್ನೆಯನ್ನು ಲೋಕಪ್ರಸಿದ್ಧಗೊಳಿಸಿದ್ದು ರಾಮದೇವರ ಬೆಟ್ಟ. ಅಲ್ಲಿ ಚಿತ್ರೀಕರಿಸಿದ ‘ಶೋಲೆ’ 1975ರಲ್ಲಿ ಬಿಡುಗಡೆಯಾಯಿತು. ಆ ಚಿತ್ರದಲ್ಲಿ ಎರಡು ಎಂಬ ಉತ್ತರ ಕೊಟ್ಟವರ ಗತಿ ಏನಾಯಿತೆಂದು ಬಲ್ಲವರು ಅಂಗಡಿಯಲ್ಲಿ ಮೂರು ಫ್ಯಾನಿನದನ್ನೇ ಕೇಳುತ್ತಾರೆ.

ಆದ್ದರಿಂದ ಸೂತ್ರ: ಚಿಪ್ಪು ಚಿಕ್ಕದಿರಲಿ, ಅದನ್ನು ತಣಿಸುವ ಹೀಟ್‌ಸಿಂಕು ಅದರ ಯೋಗ್ಯತೆಗೆ ಮೀರಿರಲಿ. 115 ವ್ಯಾಟಿನ ಆರ್‌ಟಿಎಕ್ಸ್ 4060ಕ್ಕೆ ಮೂರು ಫ್ಯಾನ್ ಕೂರಿಸಿದವರಿದ್ದಾರೆ. ಮದುವೆಗೆ ಬಂದವರು ಇಪ್ಪತ್ತು, ಅಡುಗೆಯವರು ಅರವತ್ತು ಎಂಬಂಥ ಆ ಏರ್ಪಾಟಿನಲ್ಲಿ ಯಾರೂ ಓಡಾಡಬೇಕಿಲ್ಲ. 575 ವ್ಯಾಟಿನ 5090 ಕೊಂಡು ಮೌನ ನಿರೀಕ್ಷಿಸುವವರನ್ನು ಕುರಿತು ಈ ಪ್ರಬಂಧ ಮೌನ ತಾಳುತ್ತದೆ.

ಇನ್ನು ಕ್ಷೇತ್ರಕಾರ್ಯ. ಮೌನವನ್ನು ಅಳೆಯಲು ಡೆಸಿಬಲ್ ಮೀಟರಿಗಿಂತ ಸ್ಥಳೀಯವಾದ ಮಾನದಂಡ ಬೇಕೆಂದು ರಾಮನಗರದ ಬಳಿಯ ಒಂದು ಹುಳು ಸಾಕುವ ಮನೆಯನ್ನು ಆಯ್ದುಕೊಳ್ಳಲಾಯಿತು. ಐದನೆಯ ಹಂತದ ರೇಷ್ಮೆಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಆ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ತಟ್ಟೆಗಳ ಸಾಲಿನಿಂದ ಬರುವ ಆ ಸದ್ದು ಹೆಂಚಿನ ಮೇಲೆ ಸೋನೆಮಳೆ ಬಿದ್ದಂತಿರುತ್ತದೆ. ಈ ಸದ್ದು ಕೇಳಿ ರೈತನಿಗೆ ನಿದ್ದೆ ಬರುತ್ತದೆ, ಕೇಳದಿದ್ದರೆ ಎಚ್ಚರವಾಗುತ್ತದೆ. ಆದಕಾರಣ ಒಂದು ಕಾರ್ಡು ‘ಹುಳುವಿಗಿಂತ ಮೆಲ್ಲಗೆ’ ಇದ್ದರೆ ನಿಶ್ಶಬ್ದ, ಮೀರಿದರೆ ಸಶಬ್ದ ಎಂದು ನಿರ್ಣಯಿಸಲಾಗಿದೆ. ಕಾರ್ಡಿಗೆ ಭಾರ ಬಿದ್ದಾಗ ಸುರುಳಿಗಳು ಕಂಪಿಸಿ ಹೊರಡಿಸುವ ಸಣ್ಣ ಕೀರಲು ದನಿ ಮಾತ್ರ ಈ ವರ್ಗೀಕರಣಕ್ಕೆ ಒಗ್ಗುವುದಿಲ್ಲ. ಫ್ರೇಮಿನ ಸಂಖ್ಯೆಗೆ ಮಿತಿ ಹಾಕಿದರೆ ಅದು ಬಹುತೇಕ ತಗ್ಗುತ್ತದೆ, ಫ್ಯಾನು ಬದಲಿಸಿದರೆ ತಗ್ಗುವುದಿಲ್ಲ.

ಅಲ್ಲೇ ಇನ್ನೊಂದು ಸಂಶೋಧನೆಯೂ ಆಯಿತು. ಕಾರ್ಡುಗಳ ವಿಮರ್ಶೆ ಬರೆಯುವ ಪರದೇಶದ ಪಂಡಿತರ ಕೋಣೆ 20ರಿಂದ 25 ಡಿಗ್ರಿಯಲ್ಲಿರುತ್ತದೆ. ಏಪ್ರಿಲಿನ ರಾಮನಗರ 35ರ ಆಚೆಗಿರುತ್ತದೆ. ಅವರು 65 ಡಿಗ್ರಿ ಎಂದು ಬರೆದ ಕಡೆ ನಾವು 75 ಅಥವಾ 80 ಎಂಬ ಪಾಠಾಂತರವನ್ನು ಸ್ವೀಕರಿಸಬೇಕು. 50–60 ಡಿಗ್ರಿಯವರೆಗೆ ಫ್ಯಾನೇ ತಿರುಗುವುದಿಲ್ಲ ಎಂಬ ಆಶ್ವಾಸನೆಯೂ ಇಲ್ಲಿ ಬೇಸಿಗೆಯಲ್ಲಿ ಸೊರಗುತ್ತದೆ. ತಿರುಗಿ, ನಿಂತು, ಮತ್ತೆ ತಿರುಗುವ ಫ್ಯಾನು ಒಂದೇ ಸಮ ತಿರುಗುವುದಕ್ಕಿಂತ ಹೆಚ್ಚು ಕಿವಿ ಕೊರೆಯುತ್ತದೆ. ಇಡೀ ಊರಿನಲ್ಲಿ 25 ಡಿಗ್ರಿಯ ಜಾಗ ಹುಳುವಿನ ಮನೆಯೊಂದೇ, ಒದ್ದೆ ಗೋಣಿಚೀಲ ಇಳಿಬಿಟ್ಟು ಕಾಪಾಡಿದ್ದು. ಆ ಮನೆಯ ಡಿಪ್ಲೊಮಾ ಓದುವ ಹುಡುಗ ಕಂಪ್ಯೂಟರನ್ನು ಅಲ್ಲಿಗೇ ಸಾಗಿಸುವ ಯೋಜನೆ ಮಂಡಿಸಿದ. ಅವನ ಅಜ್ಜಿ ಸುಣ್ಣದ ಪುಡಿ ತುಳಿಸದೆ ಪ್ರಬಂಧಕಾರನನ್ನೂ ಒಳಗೆ ಬಿಟ್ಟಿರಲಿಲ್ಲ.

‘ಆ ಡಬ್ಬಕ್ಕೆ ಅಷ್ಟು ಬಿಸಿ ಯಾಕ್ಲಾ ಬತ್ತದೆ?’ ಎಂದು ಕೇಳಿದರು.

‘ವೋಲ್ಟೇಜ್ ಏರ್ಸಿದೀನಿ ಕಣಜ್ಜಿ, ಸ್ಪೀಡ್ ಬರ್ಲಿ ಅಂತ.’

‘ಉಳ ಜ್ವರಕ್ಕೆ ಕುಂತಾಗ ಸೊಪ್ಪು ಆಕಿದ್ರೆ ಬೆಳೆ ಉಳೀತದೇನ್ಲಾ? ನಡಿ ಆಚೆಗೆ.’

ಓವರ್‌ಕ್ಲಾಕಿಂಗ್ ಕುರಿತು ಪ್ರಬಂಧಕಾರ ಕಂಡ ಅತ್ಯಂತ ಸಂಕ್ಷಿಪ್ತ ಭಾಷ್ಯ ಇದು. (ಜ್ವರವೆಂದರೆ ಹುಳು ಪೊರೆ ಬಿಡುವ ಹೊತ್ತು.) ಇದಕ್ಕೆ ಗಣಿತದ ಬೆಂಬಲವೂ ಇದೆ. ಚಿಪ್ಪು ನುಂಗುವ ವಿದ್ಯುತ್ತು ವೇಗಕ್ಕೆ ಒಂದು ಪಟ್ಟು, ವೋಲ್ಟೇಜಿಗೆ ಅದರ ವರ್ಗದಷ್ಟು ಅನುಸರಿಸುತ್ತದೆ. ಎರಡನ್ನೂ ಶೇಕಡ 10 ಏರಿಸಿದರೆ ಶಾಖ ಶೇಕಡ 33 ಏರುತ್ತದೆ. ಆಟದಲ್ಲಿ ಸಿಗುವ ಲಾಭ ಹತ್ತೂ ಇರುವುದಿಲ್ಲ. ಇದೇ ಲೆಕ್ಕವನ್ನು ತಲೆಕೆಳಗೆ ಮಾಡಿದವನು ಜಾಣ: ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ, ತೆರೆದುಕೊಳ್ಳುವ ಗೆರೆಯಲ್ಲಿ ಅದೇ ವೇಗಕ್ಕೆ ಕಡಿಮೆ ವೋಲ್ಟೇಜು ಗೊತ್ತುಮಾಡಿದರೆ ಶಾಖವೂ ಸದ್ದೂ ಒಟ್ಟಿಗೆ ಇಳಿಯುತ್ತವೆ. ಯಾವ ಚಿಪ್ಪು ಎಷ್ಟು ಇಳಿಸಿಕೊಡುತ್ತದೆ ಎಂಬುದು ಅದೃಷ್ಟದ ಮಾತು. ಗೂಡಿನ ಮಾರುಕಟ್ಟೆಯ ರೀಲರು ಲಾಟಿನಿಂದ ಒಂದು ಗೂಡು ಎತ್ತಿ, ಹಿಚುಕಿ, ಕಿವಿಯ ಬಳಿ ಅಲುಗಿಸಿ ಬೆಲೆ ಕಟ್ಟಬಲ್ಲ. ಕಾರ್ಡಿನ ಅಂಗಡಿಯವನು ಪೆಟ್ಟಿಗೆ ಅಲುಗಿಸಲೂ ಬಿಡುವುದಿಲ್ಲ.

ಮಾಗಡಿಯ ಪರಂಪರೆ ಮಿತಿಯನ್ನು ಕುರಿತದ್ದು. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾದ ಮೇಲೆ ಮಾಗಡಿಗೆ ಬಂದು ನೆಲೆಸಿದ ಕೆಂಪೇಗೌಡರ ವಂಶದ ಹೆಸರಿನಲ್ಲಿ ಬೆಂಗಳೂರಿನ ಎಲ್ಲೆಯೆಂದು ನಾಲ್ಕು ದಿಕ್ಕಿಗೆ ಗೋಪುರಗಳಿವೆ; ಕಾರ್ಡಿನ ಭಾಷೆಯಲ್ಲಿ ಅದು ಪವರ್ ಲಿಮಿಟ್. ನಗರವನ್ನು ಆ ಮಿತಿಯಾಚೆ ಓಡಿಸಿದರೆ ಎಷ್ಟು ಶಾಖ, ಎಷ್ಟು ಸದ್ದು ಎಂಬುದನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ಅಳೆಯಬಹುದು. ಮಾಗಡಿ ಅಷ್ಟಕ್ಕೆ ಸಾಕು.

ಕನಕಪುರದ ಬಂಡೆಯಿಂದಲೇ ಹೀಟ್‌ಸಿಂಕು ಕಡೆಯಬಾರದೇಕೆ ಎಂದು ಒಬ್ಬ ಸ್ವದೇಶಿ ವಿದ್ವಾಂಸರ ಪ್ರಶ್ನೆ. (ಬಂಡೆ ಎಂದಾಗ ಓದುಗರು ರಾಜಕೀಯಕ್ಕೆ ಹೊರಳಬಾರದು, ಇಲ್ಲಿ ಬಂಡೆಯೆಂದರೆ ಬಂಡೆ.) ಶಾಖ ಸಾಗಿಸುವುದರಲ್ಲಿ ತಾಮ್ರ ಗ್ರಾನೈಟಿಗಿಂತ ನೂರು ಪಟ್ಟಿಗೂ ಮೇಲು. ಪ್ರಶ್ನೆ ತಿರಸ್ಕೃತ.

ಚನ್ನಪಟ್ಟಣದ ಪಂಥ ನಿಜಕ್ಕೂ ಗಂಭೀರವಾದದ್ದು, ಏಕೆಂದರೆ ತಿರುಗುವ ವಸ್ತುವಿನ ಬಗ್ಗೆ ಮಾತಾಡಲು ಅವರಿಗೆ ಹಕ್ಕಿದೆ. ಆಲೆಮರದ ತುಂಡನ್ನು ಚರಕಿಗೆ ಕಟ್ಟಿ ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿಸಿ ಹಚ್ಚುವವರು ಅವರು. ಶಾಖ ಬೇಕಾದಲ್ಲಿ ಬರಿಸಿಕೊಳ್ಳುವ ವಿದ್ಯೆ ಅದು. ಫ್ಯಾನಿನ ಅಚ್ಚಿನ ವಿಷಯದಲ್ಲಿ ಅವರ ಮಾನದಂಡ ಅನ್ವಯಿಸಬಹುದು: ಸ್ಲೀವ್ ಬೇರಿಂಗಿನದು ಹೊಸದರಲ್ಲಿ ಮೃದು, ಎಣ್ಣೆ ಆರಿದ ಮೇಲೆ ಕಿರುಚುತ್ತದೆ; ಬಾಲ್ ಬೇರಿಂಗಿನದು ಮೊದಲಿನಿಂದಲೂ ಕೊಂಚ ಗೊಣಗುತ್ತ ಬಹುಕಾಲ ಬಾಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಈಥಿರಿಯಮ್ ನಾಣ್ಯವನ್ನು ಕಾರ್ಡುಗಳಿಂದ ಗಣಿಮಾಡುವ ದಾರಿ ಮುಚ್ಚಿದ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡಿಗೆ ಬಂದವು. ಅಂಥದನ್ನು ಕೊಳ್ಳುವವನು ಕರೆಂಟಿಲ್ಲದೆ ಫ್ಯಾನನ್ನು ಬೆರಳಿನಿಂದ ತಿರುಗಿಸಿ, ಬುಗುರಿಯನ್ನು ನೋಡುವ ಕಣ್ಣಿನಿಂದ ನೋಡಬೇಕು. ತೂಗಾಡಿದರೆ ಬೇಡ.

ಮೂರು ಫ್ಯಾನಿನ ಕಾರ್ಡಿಗೆ ಒಂದು ದೋಷವುಂಟು: ತೂಕಕ್ಕೆ ಒಂದು ತುದಿ ಜೋತುಬೀಳುತ್ತದೆ. ಇದಕ್ಕೆ ಪರದೇಶದಲ್ಲಿ ಲೋಹದ ಆಧಾರಗಂಬ ಮಾರುತ್ತಾರೆ. ಪ್ರಬಂಧಕಾರನ ಶಿಫಾರಸು ಚನ್ನಪಟ್ಟಣದ ಗೊಂಬೆ. ಹೆದ್ದಾರಿಯ ಅಂಗಡಿಗೆ ಹೋಗುವ ಮುನ್ನ ಕೇಸಿನ ತಳದಿಂದ ಕಾರ್ಡಿನವರೆಗಿನ ಎತ್ತರ ಅಳೆದುಕೊಳ್ಳುವುದು. ರಾಜನ ಗೊಂಬೆ ಬೇಡ, ಕಿರೀಟ ಫ್ಯಾನಿಗೆ ತಾಗುತ್ತದೆ. ಅರಗು 70–80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ ಗೊಂಬೆ ಉಷ್ಣಮಾಪಕದ ಕೆಲಸವನ್ನೂ ಮಾಡುತ್ತದೆ: ಅದರ ತಲೆ ಕಾರ್ಡಿಗೆ ಅಂಟಿದ ದಿನ ವೋಲ್ಟೇಜು ಇಳಿಸುವುದು. ಅರಗಿನ ಮನೆಯಲ್ಲಿ ಪಾಂಡವರಿಗೆ ವಿದುರನ ಮುನ್ಸೂಚನೆ ಇತ್ತು, ನಮಗೆ ಗೊಂಬೆಯದು. ಮದುಮಗಳು ಮದುಮಗನ ಜೋಡಿಯನ್ನು ಒಡೆದು ಕೊಡುವುದಿಲ್ಲವೆಂದು ಅಂಗಡಿಯವರು ಹಟ ಹಿಡಿದರೆ ಎರಡನ್ನೂ ಕೊಳ್ಳುವುದು. ಅಷ್ಟುದ್ದದ ಕಾರ್ಡಿಗೆ ಒಂದು ಗೊಂಬೆ ಹೇಗೂ ಸಾಲುವುದಿಲ್ಲ.