ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗಳ ಪಾಠಪರಿಷ್ಕರಣ: ಹನುಮಂತನಗರದ ಒಂದು ಮಾರುತಿ 800 ಪ್ರತಿಯನ್ನು ಅನುಲಕ್ಷಿಸಿ

ಉಪೋದ್ಘಾತ

ಕನ್ನಡದಲ್ಲಿ ತಾಳೆಗರಿಯ ಬಗ್ಗೆ ನಡೆದಷ್ಟು ಕೆಲಸ ತಂತಿಯ ಬಗ್ಗೆ ನಡೆದಿಲ್ಲ. ಹುಳು ತಿಂದ, ಅಂಚು ಮುರಿದ, ಲಿಪಿಕಾರನ ತೂಕಡಿಕೆಯಿಂದ ಸಾಲುಸಾಲೇ ಹಾರಿಹೋದ ಓಲೆಗಳಿಂದ ಕವಿಯ ಮೂಲಪಾಠವನ್ನು ಹೊರತೆಗೆಯುವುದು ಹೇಗೆಂದು ಡಿ.ಎಲ್. ನರಸಿಂಹಾಚಾರ್ಯರು ಶಾಸ್ತ್ರವನ್ನೇ ಬರೆದಿಟ್ಟು ಹೋದರು. ಆದರೆ ಹಳೇ ಕಾರಿಗೆ ಹೊಸ ಸ್ಟೀರಿಯೋ ಕೂರಿಸಲು ಹೊರಟವನು ಡ್ಯಾಶ್‌ಬೋರ್ಡಿನ ಬಾಯಿಗೆ ಕೈಹಾಕಿದಾಗ ಹಿಡಿಗೆ ಸಿಗುವ ಆ ಕಂತೆಯಲ್ಲಿ ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂದು ಕೇಳಿದ ವಿದ್ವಾಂಸರು ಇನ್ನೂ ಹುಟ್ಟಿಲ್ಲ. ಆ ಕೊರತೆಯನ್ನು ತುಂಬಲು ಈ ಪ್ರಬಂಧ. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡದಿದ್ದರೆ ಬೇಸರವಿಲ್ಲ, ಸೆಟ್ಟು ಹಾಡಿದರೆ ಸಾಕು.

ಅಧ್ಯಯನಕ್ಕೆ ಬೆಂಗಳೂರಿನ ಹನುಮಂತನಗರವನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಹನುಮಂತನ ಊರಿನಲ್ಲಿ ಮಾರುತಿಯನ್ನು ಬಿಟ್ಟು ಬೇರೆ ಕಾರನ್ನು ಎತ್ತಿಕೊಳ್ಳುವುದು ಅನೌಚಿತ್ಯ ದೋಷವಾದೀತು. ಅದಕ್ಕಿಂತ ಮುಖ್ಯವಾದದ್ದು ಇಲ್ಲಿನ ಭೂರಚನೆ. ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡ, ಇವುಗಳ ಆಸುಪಾಸಿನ ರಸ್ತೆಗಳು ಒಂದೋ ಏರು, ಇಲ್ಲವೇ ಇಳಿಜಾರು. ವೈರಿಂಗ್ ದೋಷದಿಂದ ರಾತ್ರೋರಾತ್ರಿ ಬ್ಯಾಟರಿ ಡೌನ್ ಆದರೂ ಚಿಂತೆಯಿಲ್ಲ. ಬೆಳಗ್ಗೆ ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿಕೊಂಡು ಇಳಿಬಿಟ್ಟು, ಅರ್ಧ ದಾರಿಯಲ್ಲಿ ಕ್ಲಚ್ ಬಿಟ್ಟರೆ ಇಂಜಿನ್ ಕೆಮ್ಮಿ ಎದ್ದು ನಿಲ್ಲುತ್ತದೆ. ಹೀಗಾಗಿ ಸಮತಟ್ಟಾದ ಬಡಾವಣೆಗಳಲ್ಲಿ ಒಂದೇ ವಾರಕ್ಕೆ ಬಯಲಾಗಿ ತಿದ್ದಿಸಿಕೊಳ್ಳುವ ತಪ್ಪುಗಳು ಇಲ್ಲಿ ವರ್ಷಗಟ್ಟಲೆ ಅಕ್ಷತವಾಗಿ ಉಳಿದುಬಂದಿವೆ. ಓಲೆಗ್ರಂಥಗಳನ್ನು ಕಾಪಾಡಿದ ಕೀರ್ತಿ ಮೂಡುಬಿದಿರೆಗೆ ಸಲ್ಲುವುದಾದರೆ ಕೆಟ್ಟ ವೈರಿಂಗನ್ನು ಕಾಪಾಡಿದ ಕೀರ್ತಿ ಈ ಇಳಿಜಾರಿಗೇ ಸಲ್ಲಬೇಕು.

ಪ್ರತಿಯ ವಿವರ, ಕಾಲ

ಆಧಾರಪ್ರತಿ ಬಿಳಿ ಬಣ್ಣದ ಒಂದು ಮಾರುತಿ 800. ನೋಂದಣಿ ಕೆಎ-05, ಅಂದರೆ ಜಯನಗರ ಆರ್‌ಟಿಒ. ಹೊಂಗೆ ಮರದ ಕೆಳಗೆ ಲಭ್ಯ. ಬಂಪರ್ ಶಿಥಿಲ, ಹಿಂದಿನ ಸೀಟು ಅಲ್ಲಲ್ಲಿ ಖಿಲ, ಹಾರನ್ ಸಮಗ್ರ.

ಕಾಲನಿರ್ಣಯ ಹೀಗೆ. ಮೊದಲ ಮಾರುತಿ 800 ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಹೊಗೆಯ ಹೊಸ ನಿಯಮ ಬಂದು ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಅದರ ಮಾರಾಟ ನಿಂತದ್ದು 2010ರಲ್ಲಿ. ಕಾರ್ಖಾನೆಯಲ್ಲಿ ತಯಾರಿಕೆಯೇ ನಿಂತದ್ದು 2014ರ ಜನವರಿಯಲ್ಲಿ. ಬೆಂಗಳೂರಿನಲ್ಲೇ ಹೊಸದಾಗಿ ಕೊಂಡ ಗಾಡಿಯಾದ್ದರಿಂದ ಇದರ ಕಾಲ 1983ಕ್ಕೂ 2010ಕ್ಕೂ ನಡುವೆ ಎಂದು ಖಚಿತವಾಗಿ ಹೇಳಬಹುದು. ಆರ್‌ಸಿ ಪುಸ್ತಕದಲ್ಲಿ ತಾರೀಖೇ ಇದೆಯಲ್ಲ ಎಂದು ಯಜಮಾನರು ತಂದು ತೋರಿಸಿದರು. ಅದು ವಿದ್ವತ್ತಿನ ಮಾರ್ಗವಲ್ಲವಾದ್ದರಿಂದ ವಿನಯದಿಂದ ನಿರಾಕರಿಸಲಾಯಿತು.

ಸ್ಟೀರಿಯೋ ಕೂರುವ ಗೂಡಿಗೆ ಜಗತ್ತೆಲ್ಲ ಒಪ್ಪಿದ ಅಳತೆ ಒಂದಿದೆ: 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಜರ್ಮನರು ಹಾಕಿಕೊಟ್ಟದ್ದು, ಅಂಗಡಿಯವರ ಬಾಯಲ್ಲಿ ‘ಸಿಂಗಲ್ ಡಿನ್’. ಹಿಂಬದಿಯ ಕಪ್ಲರಿಗೂ ಐಎಸ್‌ಒ 10487 ಎಂಬ ಸ್ಮೃತಿಯಿದೆ. ಕರೆಂಟಿಗೆ ಎಂಟು ಪಿನ್ನಿನದು ಒಂದು, ಸ್ಪೀಕರಿಗೆ ಎಂಟು ಪಿನ್ನಿನದು ಇನ್ನೊಂದು. ಯುರೋಪಿನ ಕಾರುಗಳು ಬಹುಮಟ್ಟಿಗೆ ಇದಕ್ಕೆ ನಡೆದುಕೊಂಡವು. ಜಪಾನಿನ ಕಂಪನಿಗಳು ಬೇರೆ ಬೇರೆ ಮಠಗಳಂತೆ ತಮ್ಮ ತಮ್ಮ ಕಪ್ಲರನ್ನೇ ಇಟ್ಟುಕೊಂಡವು, ಸುಝುಕಿಯ ಶಿಷ್ಯನಾದ ಮಾರುತಿ ಗುರುವನ್ನೇ ಅನುಸರಿಸಿದ. ಸ್ಮೃತಿ ಏನೇ ಹೇಳಲಿ, ನಮ್ಮ ದೇಶಾಚಾರ ಒಂದೇ: ಕಟ್ ಮಾಡು, ಜಾಯಿಂಟ್ ಹಾಕು.

ಲಿಪಿಕಾರರು

ಈ ಪ್ರತಿಯಲ್ಲಿ ಕಡಿಮೆಯೆಂದರೂ ಮೂವರ ಕೈಯಿದೆ. ಕ್ಯಾಸೆಟ್ ಕಾಲದವನು, ಸಿ.ಡಿ. ಕಾಲದವನು, ಪೆನ್‌ಡ್ರೈವ್ ಕಾಲದವನು. ಮೂವರೂ ಪರಸ್ಪರ ಅಪರಿಚಿತರು. ಆದರೂ ಡ್ಯಾಶ್‌ಬೋರ್ಡು ಬಿಚ್ಚಿದೊಡನೆ ಪ್ರತಿಯೊಬ್ಬನೂ ಒಂದೇ ಮಂಗಳವಾಕ್ಯವನ್ನು ನುಡಿದಿದ್ದಾನೆ: “ಯಾರ್ ಸಾರ್ ಈ ಕೆಲ್ಸ ಮಾಡಿರೋದು?” ಈ ವಾಕ್ಯಕ್ಕೆ ಪಾಠಾಂತರವಿಲ್ಲ. ಕಾರಿನ ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆ ಸಂಪ್ರದಾಯದಲ್ಲೂ ಇದೇ, ಐವತ್ತಡಿ ರಸ್ತೆ ಸಂಪ್ರದಾಯದಲ್ಲೂ ಇದೇ. ಇದನ್ನು ಕೇಳಿದ ಯಜಮಾನರು ತಪ್ಪಿತಸ್ಥರಂತೆ ನಗುವುದೂ ಸಂಪ್ರದಾಯದ ಭಾಗವೇ.

ಲಿಪಿಕಾರನನ್ನು ಗುರುತಿಸಲು ಅವನು ತಂತಿಯ ತುದಿ ಸುಲಿದ ಬಗೆ ಸಾಕು. ದಂತಚ್ಛೇದದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಮುಂಬಲ್ಲಿನ ಎರಡು ಗುರುತು ಸ್ಪಷ್ಟ. ಅಗ್ನಿಚ್ಛೇದದಲ್ಲಿ ಬೆಂಕಿಪೊಟ್ಟಣದ ಮಸಿ, ಕರಗಿ ಗುಂಡಗಾದ ಅಂಚು. ಕ್ಷುರಚ್ಛೇದದಲ್ಲಿ ಬ್ಲೇಡು ಆಳಕ್ಕಿಳಿದು ಒಳಗಿನ ಎಳೆಗಳಲ್ಲಿ ಅರ್ಧವೂ ತುಂಡಾಗಿರುತ್ತವೆ. ನಮ್ಮ ಪ್ರತಿಯಲ್ಲಿ ಮೂರೂ ಉಂಟು. ಜಾಯಿಂಟಿನ ಮೇಲಿನ ಕಪ್ಪು ಟೇಪು ಹಲವು ಬೇಸಿಗೆ ಕಂಡು, ಅಂಟು ಕರಗಿ, ಹಲಸಿನ ಮೇಣದಂತೆ ಬೆರಳಿಗೆ ಹತ್ತುತ್ತದೆ. ಒಂದು ಜಾಯಿಂಟಿಗಂತೂ ಟೇಪಿನ ಬದಲು ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಸುತ್ತಿದೆ. ಅದು ವೈದ್ಯಶಾಸ್ತ್ರದ ಪ್ರಭಾವವೋ, ಮನೆಯಲ್ಲಿ ಸಿಕ್ಕಿದ್ದೋ ಎಂಬುದು ಚರ್ಚಾರ್ಹ.

ಫ್ಯೂಸ್ ಬಾಕ್ಸಿನಲ್ಲಿ ಇನ್ನೊಂದು ಅಪೂರ್ವ ದಾಖಲೆ ಸಿಕ್ಕಿತು. ಕದಂಬರು, ಗಂಗರು ತಾಮ್ರಪಟ ಬರೆಸಿದರು. ಇದು ರಜತಪಟ: ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದವನ್ನು ಸುಟ್ಟುಹೋದ ಫ್ಯೂಸಿನ ಕಾಲುಗಳಿಗೆ ಸುತ್ತಿ ಸಿಕ್ಕಿಸಲಾಗಿದೆ. ಆಚಂದ್ರಾರ್ಕವಾಗಿ ಈ ಫ್ಯೂಸ್ ಹಾರದು. ಹಾರಬೇಕಾದದ್ದು ಅದು, ಅದು ಹಾರದಿದ್ದರೆ ಅದರ ಪಾಲಿನ ಬೆಂಕಿಯನ್ನು ಹಿಂದಿನ ತಂತಿ ಹೊರಬೇಕಾಗುತ್ತದೆ.

ಸಂಧಿಪ್ರಕರಣ

ವೈಯಾಕರಣ ಕೇಶಿರಾಜನ ಕಾಲದಲ್ಲಿ ಇನ್ಸುಲೇಷನ್ ಟೇಪು ಇರಲಿಲ್ಲ. ಹಾಗಿದ್ದೂ ನಮ್ಮ ವ್ಯಾಕರಣದ ಸಂಧಿಗಳು ಇಲ್ಲಿಗೆ ಅಚ್ಚುಕಟ್ಟಾಗಿ ಹೊಂದುತ್ತವೆ. ಎರಡು ಕೂಡುವಲ್ಲಿ ಒಂದು ಕಾಣೆಯಾದರೆ ಲೋಪ: ಹಿಂದಿನ ಎಡ ಸ್ಪೀಕರಿನ ತಂತಿ ಕಾರ್ಪೆಟ್ಟಿನ ಕೆಳಗೆ ಹೊಕ್ಕಿದೆ, ಹೊರಗೆ ಬಂದಿಲ್ಲ. ಇಲ್ಲದ್ದು ನಡುವೆ ಬಂದು ಸೇರಿದರೆ ಆಗಮ: ರಿವರ್ಸ್ ಹಾರ್ನಿನ ತಂತಿ, ಸೆಂಟ್ರಲ್ ಲಾಕಿನ ತಂತಿ, ಯಾವುದಕ್ಕೂ ಸೇರದ ಒಂದು ನೀಲಿ ತಂತಿ. ಕ, ತ, ಪಗಳ ಜಾಗಕ್ಕೆ ಗ, ದ, ಬಗಳು ಬರುವಂತೆ ಕೆಂಪು ಮುಗಿದಲ್ಲಿ ಹಸಿರು, ಹಸಿರು ಮುಗಿದಲ್ಲಿ ಅಂಗಡಿಯಲ್ಲಿ ಉಳಿದ ಯಾವುದೋ ತುಂಡು ಬಂದರೆ ಆದೇಶ. ಇನ್ನು ಪ್ರಕೃತಿಭಾವ ಎಲ್ಲಕ್ಕಿಂತ ಅಪಾಯಕಾರಿ. ಎರಡು ತುದಿಗಳು ಸಂಧಿಯಾಗದೆ ಪಕ್ಕಪಕ್ಕದಲ್ಲಿ ಸುಮ್ಮನಿರುತ್ತವೆ, ಗಾಡಿ ಹಳ್ಳಕ್ಕೆ ಇಳಿದಾಗ ಮಾತ್ರ ಮುಟ್ಟಿಕೊಳ್ಳುತ್ತವೆ. ಬೆಂಗಳೂರಿನ ರಸ್ತೆಗಳಲ್ಲಿ ಇದರಿಂದ ಹಾಡು ಬಹುಪಾಲು ಕೇಳಿಸುತ್ತಲೇ ಇರುತ್ತದೆ ಎಂಬುದು ಬೇರೆ ಮಾತು.

ಹಳದಿ-ಕೆಂಪು ವಿವಾದ

ಇದು ಈ ಶಾಸ್ತ್ರದ ಹೃದಯ. ಹೊಸ ಸೆಟ್ಟಿನಿಂದ ಹೊರಡುವ ಹಳದಿ ತಂತಿಗೆ ಬ್ಯಾಟರಿಯ 12 ವೋಲ್ಟ್ ಸದಾಕಾಲ ಬೇಕು. ಗಡಿಯಾರವೂ ಸ್ಟೇಷನ್ನುಗಳ ನೆನಪೂ ಅದರ ಮೇಲೆ ಬದುಕುತ್ತವೆ. ಕೆಂಪು ತಂತಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕಪ್ಪು ಬಾಡಿಗೆ, ಅಂದರೆ ಅರ್ತ್. ಇಷ್ಟೇ ವೇದ. ಭಾಷ್ಯಕಾರರು ಒಡೆದುಹೋದದ್ದು ಇದರ ಮೇಲೆಯೇ.

ಅಭೇದವಾದಿಗಳ ಮತದಲ್ಲಿ ಹಳದಿ ಕೆಂಪು ಬೇರೆಯಲ್ಲ, ಭೇದ ಕಾಣುವುದು ಅವಿದ್ಯೆಯಿಂದ. ಎರಡನ್ನೂ ಹೊಸೆದು ಒಂದು ಮಾಡಿ ‘ಡೈರೆಕ್ಟ್’ ಕೊಡುತ್ತಾರೆ. ಆಗ ಸೆಟ್ಟು ಕೀಯ ಹಂಗಿಲ್ಲದೆ ಹಾಡುತ್ತದೆ, ಯಾರಾದರೂ ಆಫ್ ಮಾಡುವುದನ್ನು ಮರೆತರೆ ಬೆಳಗಿನವರೆಗೂ ಹಾಡುತ್ತದೆ. ಚಿಕ್ಕ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಅವರಿನದು. ಮರುದಿನ ಇಳಿಜಾರೇ ಗತಿ. ಅಭೇದವಾದದ ಒಳಪಂಥವೊಂದು ಎರಡನ್ನೂ ಒಟ್ಟಿಗೆ ಕೀ ಲೈನಿಗೆ ಸೇರಿಸುತ್ತದೆ. ಬ್ಯಾಟರಿ ಉಳಿಯುತ್ತದೆ, ಆದರೆ ಪ್ರತಿಸಲ ಕೀ ತಿರುಗಿಸಿದಾಗಲೂ ಸೆಟ್ಟಿಗೆ ಮರುಜನ್ಮ. 101.3, 102.9, 91.1 ಎಂದು ಎಷ್ಟು ಸಲ ಕೂರಿಸಿಟ್ಟರೂ ಪೂರ್ವಜನ್ಮದ ಸ್ಮರಣೆ ಅದಕ್ಕಿರುವುದಿಲ್ಲ, ಗಡಿಯಾರ ಹುಟ್ಟಿದ ಗಳಿಗೆಯನ್ನೇ ತೋರಿಸುತ್ತದೆ. ಭೇದಾಭೇದವಾದಿಗಳು ಸ್ಟೀರಿಂಗಿನ ಕೆಳಗೆ ಪುಟ್ಟ ಸ್ವಿಚ್ಚೊಂದನ್ನು ಕೂರಿಸಿ, ಬೇಕಾದಾಗ ಎರಡೂ ಒಂದು, ಬೇಡದಾಗ ಬೇರೆ ಎನ್ನುತ್ತಾರೆ. ಇಳಿಯುವಾಗ ಮೊಣಕಾಲು ತಗುಲಿ ಅದು ಆನ್ ಆಗಿರುತ್ತದೆ. ಸಿದ್ಧಾಂತವೇನೆಂದರೆ ಈ ವಿಷಯದಲ್ಲಿ ಭೇದ ಸತ್ಯ. ಫೋಕ್ಸ್‌ವ್ಯಾಗನ್ ಪಂಥದ ಕೆಲವು ಕಾರುಗಳ ಕಪ್ಲರಿನಲ್ಲಿ ಇವೆರಡರ ಸ್ಥಾನ ಅದಲುಬದಲು ಇರುವುದರಿಂದ ಅಲ್ಲಿ ಬಣ್ಣವನ್ನಾಗಲಿ ಪಿನ್ನನ್ನಾಗಲಿ ನಂಬದೆ ಮೀಟರನ್ನೇ ನಂಬತಕ್ಕದ್ದು.

ಇದಕ್ಕಿಂತ ಗಂಭೀರವಾದ ಪಾಠದೋಷ ಕ್ಯಾಸೆಟ್ ಕಾಲದಿಂದ ಬಂದದ್ದು. ಆಗಿನ ಹಲವು ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ತಂತಿಯನ್ನು ಹತ್ತಿರದ ತಗಡಿಗೆ ಕಚ್ಚಿಸಿದರೆ ನಡೆಯುತ್ತಿತ್ತು. ತಂತಿ ಉಳಿತಾಯ. ಈಗಿನ ಸೆಟ್ಟಿನಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲೂ ವೋಲ್ಟೇಜು ನಿಂತಿರುತ್ತದೆ, ಯಾವುದೊಂದನ್ನೂ ಬಾಡಿಗೆ ತಾಗಿಸುವಂತಿಲ್ಲ. ಹಳೆಯ ಲಿಪಿಕಾರ ಬಾಗಿಲಿನೊಳಗೆ ತಗಡಿಗೆ ಕಚ್ಚಿಸಿದ್ದನ್ನು ನೋಡದೆ ಹೊಸ ಸೆಟ್ಟು ಸೇರಿಸಿದರೆ ಒಳಗಿನ ಐಸಿ ಹೋಗಬಹುದು. ವಾರಂಟಿ ಕಾರ್ಡಿನಲ್ಲಿ ಇದಕ್ಕೆ ಪರಿಹಾರ ಹೇಳಿಲ್ಲ.

ಪರಿಷ್ಕರಣ ವಿಧಾನ

ಓಲೆಗ್ರಂಥದಲ್ಲಿ ಕ್ಲಿಷ್ಟಪಾಠವೇ ಮೂಲವಿರಬೇಕೆಂಬ ಸೂತ್ರವುಂಟು. ಇಲ್ಲಿ ಅದು ತಿರುಗುಮುರುಗು. ಕಾರ್ಖಾನೆಯ ತಂತಿ ತೆಳ್ಳಗಿರುತ್ತದೆ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣದ ಗೀರು ಇರುತ್ತದೆ, ಶಿಸ್ತಾಗಿ ಕಟ್ಟಿನೊಳಗೆ ಹೋಗುತ್ತದೆ. ದಪ್ಪ, ಒಂಟಿ ಬಣ್ಣ, ಮನಸ್ಸು ಬಂದತ್ತ ಹೋಗಿದ್ದರೆ ಪ್ರಕ್ಷಿಪ್ತ. ಹಾಗೆಂದು ಪ್ರಕ್ಷಿಪ್ತವನ್ನೆಲ್ಲ ಒಂದೇ ಏಟಿಗೆ ಕಿತ್ತೆಸೆಯಬಾರದು. ಎರಡೂ ತುದಿಗೆ ಟೇಪು ಸುತ್ತಿದ್ದ, ಆದಿಯೂ ಅಂತ್ಯವೂ ಇಲ್ಲವೆಂದು ತೋರಿದ ಹಸಿರು ತಂತಿಯೊಂದನ್ನು ಪರೀಕ್ಷಾರ್ಥವಾಗಿ ಎಳೆದಾಗ ಎಡಗಡೆಯ ಇಂಡಿಕೇಟರ್ ನಿಂತುಹೋಯಿತು. ಸಂಬಂಧ ಇನ್ನೂ ಗೂಢ.

ಕ್ರಮ ಇಷ್ಟು. ಮೊದಲು ಹತ್ತರ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ತುದಿಗಳನ್ನೆಲ್ಲ ಒಂದಕ್ಕೊಂದು ತಾಗದಂತೆ ಬಿಡಿಸಿ, ಆಮೇಲೆ ಮತ್ತೆ ಟರ್ಮಿನಲ್ ಸೇರಿಸಿ ಅಳೆಯಬೇಕು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಪೇಂಟ್ ಇಲ್ಲದ ತಗಡಿಗೆ ಒತ್ತಿ. ಕೀ ತೆಗೆದಾಗಲೂ 12ರ ಆಸುಪಾಸು ತೋರಿಸುವುದು ಹಳದಿಯ ಜೊತೆಗಾರ. ಕೀ ತಿರುಗಿಸಿದ ಮೇಲೆ ಜೀವ ಬರುವುದು ಕೆಂಪಿನದು. ಪಾರ್ಕಿಂಗ್ ಲೈಟು ಹಾಕಿದಾಗ ಎಚ್ಚರಗೊಳ್ಳುವುದು ಕಿತ್ತಳೆಯದು. ನೀಲಿ ಆಂಟೆನಾ ಮೋಟರಿಗೆ. ಕೈಯಲ್ಲಿ ಎಳೆಯುವ ಆಂಟೆನಾಕ್ಕೆ ಅದು ಬೇಡ, ಆದರೆ ತುದಿಯನ್ನು ಬೆತ್ತಲೆ ಬಿಡಬೇಡಿ, ಅದರಿಂದ 12 ವೋಲ್ಟ್ ಹೊರಬರುತ್ತದೆ.

ಸ್ಪೀಕರಿನ ಜೋಡಿ ಹುಡುಕಲು ಪೆನ್ಸಿಲ್ ಸೆಲ್ಲಿನಂಥ ಪಂಡಿತ ಇನ್ನೊಬ್ಬನಿಲ್ಲ. ಎರಡು ತುದಿಗಳನ್ನು 1.5 ವೋಲ್ಟಿನ ಸೆಲ್ಲಿಗೆ ಒಂದು ಕ್ಷಣ ತಾಗಿಸಿದರೆ ಯಾವುದೋ ಮೂಲೆಯಲ್ಲಿ ‘ಟಕ್’ ಎನ್ನುತ್ತದೆ. ಜಾಲರಿ ತೆಗೆದು ನೋಡಿದರೆ ಕಾಗದದ ಕೋನ್ ಹೊರಕ್ಕೆ ನೆಗೆದದ್ದೋ ಒಳಕ್ಕೆ ಸೇದಿಕೊಂಡದ್ದೋ ಕಾಣಿಸುತ್ತದೆ. ಹೊರಕ್ಕೆ ನೆಗೆದಾಗ ಸೆಲ್ಲಿನ ಪ್ಲಸ್ ಯಾವ ತಂತಿಗಿತ್ತೋ ಅದೇ ಪ್ಲಸ್. ಒಂದು ಸ್ಪೀಕರ್ ಮಾತ್ರ ತಿರುಗುಮುರುಗಾಗಿದ್ದರೆ ಹಾಡು ಕೇಳುತ್ತದೆ, ಮೃದಂಗ ಕೇಳುವುದಿಲ್ಲ. ಸೆಟ್ಟಿನ ಕಡೆ ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕರಿ ಗೀರು ಇರುವುದೆಲ್ಲ ಮೈನಸ್. ಸಿಕ್ಕಿದ ಸಿಕ್ಕಿದ ತಂತಿಗೆ ಕಾಗದದ ಟೇಪು ಅಂಟಿಸಿ ಹೆಸರು ಬರೆಯಿರಿ, ಮುಂದಿನ ಲಿಪಿಕಾರ ಮಂಗಳವಾಕ್ಯ ನುಡಿಯುವ ಮೊದಲು ಓದಿಕೊಳ್ಳಲಿ.

ಇಷ್ಟೆಲ್ಲ ಹೇಳಿ ಜೆ.ಸಿ. ರಸ್ತೆಯ ಕುಶಲಿಗಳನ್ನು ದೂರುವುದು ನ್ಯಾಯವಲ್ಲ. ರಸ್ತೆಯ ಅಂಚಿನಲ್ಲಿ, ಬಸ್ಸಿನ ಹೊಗೆಯಲ್ಲಿ, ಸೀಟಿನ ಕೆಳಗೆ ತಲೆಕೆಳಗಾಗಿ ಮಲಗಿ ಅವರು ಕೆಲಸ ಮಾಡುತ್ತಾರೆ. ಕಾರಿನ ಕಪ್ಲರನ್ನು ಕತ್ತರಿಸದೆ ಸೆಟ್ಟಿಗೆ ಸೇರಿಸುವ ನಡುವಣ ಕಪ್ಲರ್ ಅವರ ಅಂಗಡಿಯಲ್ಲೇ ಗೂಟಕ್ಕೆ ನೇತಾಡುತ್ತಿರುತ್ತದೆ. ಸೆಟ್ಟಿನ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕಿಲ್ಲ. “ಅದೆಲ್ಲಾ ಬೇಡಪ್ಪ, ಹಂಗೇ ಕಟ್ ಮಾಡಿ ಹಾಕ್ಬಿಡು, ಫಿಟಿಂಗ್ ಫ್ರೀ ತಾನೆ?” ಎನ್ನುವವರು ನಾವು. ಈ ಪ್ರತಿಯ ಮುಖ್ಯ ಪ್ರಕ್ಷೇಪಕಾರ ಕಾರಿನ ಯಜಮಾನನೇ ಎಂಬುದು ಪ್ರಸ್ತುತ ಸಂಶೋಧನೆಯ ತೀರ್ಪು.

ವಿಜ್ಞಪ್ತಿ

ಕಂಪನಿಯ ಕಪ್ಲರ್ ಇನ್ನೂ ಕತ್ತರಿಸದೆ ಉಳಿದಿರುವ ಮಾರುತಿ 800 ಯಾವ ಓದುಗರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಶ್ರೀನಗರ, ಗವಿಪುರ, ಬನಶಂಕರಿ ಒಂದನೇ ಹಂತದವರಿಗೂ ಈ ವಿಜ್ಞಪ್ತಿ ಅನ್ವಯಿಸುತ್ತದೆ. ಬಂದು ಫೋಟೋ ತೆಗೆದುಕೊಂಡು ಹೋಗುತ್ತೇವೆ, ಏನನ್ನೂ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಅದಕ್ಕೆ ಹೊಸ ಸೆಟ್ಟು ಹಾಕಿಸಬೇಡಿ. ಹಾಕಿಸಲೇಬೇಕೆಂದರೆ ನಡುವಣ ಕಪ್ಲರನ್ನು ಮೊದಲು ಕೊಂಡುಕೊಂಡು, ಆಮೇಲೆ ಸೆಟ್ಟಿಗೆ ಚೌಕಾಸಿ ಮಾಡಿ.