ಟಿ.ವಿ. ತಾಡನ ಮೀಮಾಂಸೆ

ಕೆಟ್ಟ ಪಿಕ್ಚರ್ ಟ್ಯೂಬ್ ಟಿ.ವಿ.ಯ ನೆತ್ತಿಗೆ ಬಾರಿಸುವುದು ಶುದ್ಧ ಶಾಸ್ತ್ರ ಎಂಬುದೇ ಈ ಪ್ರಬಂಧದ ಸಿದ್ಧಾಂತ. ಮೊದಲು ಕಾಲನಿರ್ಣಯ. ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದ ‘ಸೈಟ್’ ಪ್ರಯೋಗ 1975ರ ಆಗಸ್ಟ್ 1ರಂದು ಶುರುವಾಯಿತು. ಗುಲಬರ್ಗಾ ಜಿಲ್ಲೆಯೂ ಅದರಲ್ಲಿತ್ತು. ಅದಕ್ಕೂ ಮೊದಲು ಈ ಸೀಮೆಯ ಹಳ್ಳಿಗಳಲ್ಲಿ ಬಾರಿಸಲು ಟಿ.ವಿ.ಯೇ ಇರಲಿಲ್ಲವಾದ್ದರಿಂದ, ಶಾಸ್ತ್ರದ ಹುಟ್ಟನ್ನು ಎಂಥ ಅಭಿಮಾನಿ ಸಂಶೋಧಕನೂ ಅದಕ್ಕಿಂತ ಹಿಂದಕ್ಕೆ ಜಗ್ಗಲಾರ.

ಇನ್ನು ಪ್ರಮಾಣ. ಟ್ಯೂಬಿನ ಹಿಂದಿನ ಬೋರ್ಡಿನ ಮೇಲೆ ಎಲ್‌ಒಟಿ ಎಂಬ ತೂಕದ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಕಲರ್ ಟ್ಯೂಬಿಗೆ ಬೇಕಾದ 20,000 ವೋಲ್ಟಿಗೂ ಮಿಕ್ಕ ಕರೆಂಟು ಹುಟ್ಟುವುದು ಅಲ್ಲೇ. ಟಿ.ವಿ. ಹಚ್ಚಿದಾಗ ಕಾದು, ಆರಿಸಿದಾಗ ತಣಿದು, ವರ್ಷಗಟ್ಟಲೆ ಹಿಗ್ಗಿ ಕುಗ್ಗಿದ ಮೇಲೆ ಅದರ ಕಾಲಿನ ಸುತ್ತ ಸೋಲ್ಡರು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮೆಕ್ಯಾನಿಕ್ಕರ ಬಾಯಲ್ಲಿ ಇದು ‘ಡ್ರೈ ಸೋಲ್ಡರ್’. 40 ಡಿಗ್ರಿ ದಾಟುವ ಭೀಮಾ ದಂಡೆಯ ಬೇಸಿಗೆ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಅಂಗೈ ಬಿದ್ದೊಡನೆ ಬಿರುಕು ಕೂಡಿಕೊಂಡು ಚಿತ್ರ ಮರಳುತ್ತದೆ. ಪರದೆಯ ನಡುವೆ ಅಡ್ಡಕ್ಕೆ ಒಂದೇ ಬಿಳಿ ಗೆರೆ ನಿಂತು ಬರೀ ಮಾತು ಕೇಳಿಸುತ್ತಿದ್ದರೆ ದೋಷ ವರ್ಟಿಕಲ್ ಭಾಗದ್ದು. ಏಟಿಗೆ ಗೆರೆ ಒಮ್ಮೆ ಅರಳಿ ಮುದುಡಿದರೆ ಬೆಸುಗೆ ಸಡಿಲ. ಜಪ್ಪಯ್ಯ ಅನ್ನದಿದ್ದರೆ ಐಸಿಯೇ ಸುಟ್ಟಿರುವ ಅನುಮಾನ. ಅಂದರೆ ಏಟು ಫಲಿಸಿದರೂ ಜ್ಞಾನ, ಫಲಿಸದಿದ್ದರೂ ಜ್ಞಾನ. ಇಷ್ಟು ಲಾಭದ ಪರೀಕ್ಷೆ ಯಾವ ಪ್ರಯೋಗಶಾಲೆಯಲ್ಲಿದೆ?

ಪೂರ್ವಪಕ್ಷದವರ ಮೊದಲ ಆಕ್ಷೇಪ: ಚಿತ್ರ ಬಂದದ್ದು ಭಾಗ್ಯವಂತಿ ತಾಯಿಯ ಕೃಪೆಯಿಂದ. ಆ ತಾಯಿಯ ಗುಡಿಯಿರುವ ಭೀಮಾ ದಂಡೆಯ ಘತ್ತರಗಿಯಲ್ಲಿ ನಿಂತು ಇದನ್ನು ಅಲ್ಲಗಳೆಯುವ ಎದೆಗಾರಿಕೆ ಈ ಪ್ರಬಂಧಕ್ಕಿಲ್ಲ. ಆದರೆ ಕೃಪೆಯಾದ ಹತ್ತೇ ನಿಮಿಷಕ್ಕೆ ಚಿತ್ರ ಮತ್ತೆ ಹೋಗುವುದಕ್ಕೆ ತಾಯಿಯನ್ನು ಹೊಣೆ ಮಾಡಲಾಗದು, ಸೋಲ್ಡರನ್ನು ಮಾಡಬಹುದು. ಎರಡನೆಯದು: ಏಟೇ ಸಾಕಾದರೆ ಮೆಕ್ಯಾನಿಕ್ ಯಾಕೆ? ಅವನೂ ಬಡಿಯುತ್ತಾನೆ, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಕೆಯಿಂದ, ಬೋರ್ಡಿನ ಒಂದೊಂದೇ ಮೂಲೆಗೆ ಕಿವಿಗೊಟ್ಟು. ನಾವು ರೋಗವುಂಟೆಂದು ಸಾರುತ್ತೇವೆ, ಅವನು ಜಾಗ ಹಿಡಿದು ಸೋಲ್ಡರಿಂಗ್ ಐರನ್ನಿನ ಮೊನೆ ಮುಟ್ಟಿಸುತ್ತಾನೆ. ಪ್ಲಗ್ ಕಿತ್ತರೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುವುದರಿಂದ ಹಿಂದಿನ ಮುಚ್ಚಳ ಬಿಚ್ಚುವ ಅಧಿಕಾರ ಅವನಿಗಷ್ಟೇ. ಮೂರನೆಯದು: ಪರದೆಯ ಮೂಲೆಯ ನೇರಳೆ ಕಲೆ ಏಟಿಗೆ ಹೋಗದಲ್ಲ? ಹೋಗದು. ಅದು ಆಯಸ್ಕಾಂತದ ದೋಷ. ಪಕ್ಕದ ಸ್ಪೀಕರ್ ಸರಿಸಬೇಕು, ಕಾಂತತ್ವ ಅಳಿಸುವ ಡೀಗಾಸಿಂಗ್ ಕಾಯಿಲ್ ನೋಡಿಸಬೇಕು. ಶಾಸ್ತ್ರಕ್ಕೆ ಎಲ್ಲೆಯಿರುವುದೇ ಅದು ಶಾಸ್ತ್ರವೆಂಬುದಕ್ಕೆ ಸಾಕ್ಷಿ. ಆದ್ದರಿಂದ ವಿಧಿ ಇಷ್ಟೇ: ಎರಡು ಏಟಿಗೆ ಬಾರದ ಚಿತ್ರ ಮೂರನೆಯದಕ್ಕೂ ಬಾರದು. ಮೂರನೆಯ ಏಟು ಸಂಶೋಧನೆಯ ಲೆಕ್ಕಕ್ಕೆ ಸೇರದು, ಸಿಟ್ಟಿನ ಲೆಕ್ಕಕ್ಕೆ ಸೇರುತ್ತದೆ.