ಪರಾನುದಾನ ಪ್ರದೀಪಿಕೆ

ಜಲಾಭಾವವು ಚತುರ್ವಿಧವೆಂದು ತಾರ್ಕಿಕರ ಮತವನ್ನನುಸರಿಸಿ ಹೇಳತಕ್ಕದ್ದು. ಪರದೇಶದ ದ್ರವ್ಯವು ಊರಿಗೆ ಬರುವ ಮುನ್ನ ಕೆರೆಯಲ್ಲಿ ನೀರಿಲ್ಲದಿರುವುದು ಪ್ರಾಗಭಾವ. ಬಂದು, ವೆಚ್ಚವಾಗಿ, ಉದ್ಘಾಟನೆಯ ಕಲ್ಲು ನೆಟ್ಟಾದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ವರದಿಯ ಕೆರೆ ಊರ ಕೆರೆಯಲ್ಲ, ಊರ ಕೆರೆ ವರದಿಯ ಕೆರೆಯಲ್ಲ ಎಂಬುದು ಅನ್ಯೋನ್ಯಾಭಾವ. ನಾಲ್ಕನೆಯದಾದ ಅತ್ಯಂತಾಭಾವವನ್ನು ಮುಂದೆ ನಿರೂಪಿಸುವೆವು.

ಇನ್ನು 'ನೆರವು' ಎಂಬ ಶಬ್ದದ ಅರ್ಥವಿಚಾರ. ಚಿತ್ರದುರ್ಗವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ 2001ರಲ್ಲಿ ಸುಜಲ ಜಲಾನಯನ ಯೋಜನೆಯೂ, ಮರುವರ್ಷ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯೂ ವಿಶ್ವಬ್ಯಾಂಕಿನ ನೆರವಿನಿಂದ ಮೊದಲಾದುವಷ್ಟೆ. ಅಲ್ಲಿ ನೆರವೆಂದರೆ ಬಹುಪಾಲು ಸಾಲವೆಂದೇ ಅರ್ಥ, ತೀರಿಸತಕ್ಕವರು ನಾವೇ. ಕೊಟ್ಟವರಿಗೆ ದಾನದ ಕೀರ್ತಿಯನ್ನೂ ಕೊಂಡವರಿಗೆ ಋಣದ ಭಾರವನ್ನೂ ಏಕಕಾಲದಲ್ಲಿ ದಯಪಾಲಿಸುವ ಇಂಥ ನಾನಾರ್ಥಪದ ಅಮರಸಿಂಹನಿಗೂ ಹೊಳೆದಿರಲಿಕ್ಕಿಲ್ಲ. 'ಸುಸ್ಥಿರತೆ' ಎಂಬುದು ಇನ್ನೊಂದು. 1907ರಲ್ಲಿ ಮುಗಿದ ನಮ್ಮ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಮಳೆಯ ಧರ್ಮವೇ ಹೀಗಿರುವ ಸೀಮೆಗೆ ಕೆಲವೇ ವರ್ಷದಲ್ಲಿ ಲೆಕ್ಕ ಮುಗಿಸಿ ಹೋಗುವವರು ಸುಸ್ಥಿರತೆಯನ್ನು ಬೋಧಿಸುತ್ತಾರೆ.

ಹರಿಯಬ್ಬೆಯ ಕಡೆಯ ಒಂದೂರಿನಲ್ಲಿ ಇಂಥದೊಂದು ಬೋಧನೆಗೆ ನಾನೂ ಕುಳಿತಿದ್ದೆ; ಸಂಸ್ಥೆಯ ಹೆಸರು ಬೇಡ. 'ಸಹಭಾಗಿತ್ವಮೂಲ ಸಾಮರ್ಥ್ಯವರ್ಧನ'ದ ಅಂಗವಾಗಿ ಗುಡಿಯ ಜಗಲಿಯ ಮೇಲೆ ರಂಗೋಲಿಪುಡಿಯಲ್ಲಿ ಊರಿನ ನಕ್ಷೆ ಬರೆಸುತ್ತಿದ್ದರು. ನೀರುಗಂಟಿ ಜಗಲಿಯ ಕೆಳಗೆ, ಬಿಸಿಲಲ್ಲಿ ನಿಂತಿದ್ದ. "ತೂಬು ಅಲ್ಲಲ್ಲ ಸ್ವಾಮಿ, ಇತ್ಲಾಗೆ, ಹುಣಸೇಮರದ ನೇರಕ್ಕೆ" ಎಂದ. ತರಬೇತುದಾರರು ಪ್ರಸನ್ನರಾಗಿ, ಪರಿಶಿಷ್ಟ ಜಾತಿಯ ಸಹಭಾಗಿತ್ವ ಒಂದು ಎಂದು ಬರೆದುಕೊಂಡು, ಕೆಳಗಿಳಿದು ಬಂದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ತೂಬು ರಂಗೋಲಿಯಲ್ಲಿ ಇದ್ದಲ್ಲೇ ಇತ್ತು.

ಅತ್ಯಂತಾಭಾವವನ್ನು ನಿರೂಪಿಸುವೆನೆಂದಿದ್ದೆ. ತಾರ್ಕಿಕರು ಕ್ಷಮಿಸಬೇಕು, ಆ ವಿಭಾಗ ನನ್ನಿಂದಾಗದು. ಈ ಮನುಷ್ಯನಿಗೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಹೊಲವಿಲ್ಲ. ಕೆರೆ ತುಂಬಿದರೂ ಅವನ ಪಾಲಿಗೆ ಬರುವುದು ರಾತ್ರಿಯೆಲ್ಲ ಕಾಲುವೆ ಕಾಯುವ ಕೆಲಸ. ಕೆರೆ ಕೆಲಸಕ್ಕೆ ಊರವರ ಮೇಲೆ ಹಾಕಿದ ವಂತಿಗೆಯ ಹಣ ಕೊಡಲಾರದವನೆಂದು ಅವನಿಂದ ಮೂರು ದಿನ ಹೂಳು ಹೊರಿಸಿದರು. ಆ ಹೂಳು ಹೊಲವಿದ್ದವರ ಹೊಲಕ್ಕೆ ಗೊಬ್ಬರವಾಯಿತು. ಉಳ್ಳವರ ನೀರಿಗೆ ಇಲ್ಲದವನು ಕೂಲಿ ಬಿಟ್ಟುಕೊಡುವುದಕ್ಕೆ ಸಮುದಾಯವೆಂದು ಹೆಸರಿಟ್ಟವರು ಯಾರು? ಅವರಿಗೆ ನಾಚಿಕೆಯಾಗಲಿಲ್ಲವೆ?

ಮೂರು ದಿನದ ಶ್ರಮಕ್ಕೆ ವಂತಿಗೆ ಸಂದಾಯವಾಯಿತೆಂದು ಕೊಟ್ಟ ರಸೀದಿಯನ್ನು ಅವನು ರೇಷನ್ ಕಾರ್ಡಿನೊಳಗೆ ಮಡಚಿಟ್ಟುಕೊಂಡಿದ್ದಾನೆ. ಕಂಡಾಗಲೆಲ್ಲ ತೆಗೆದು ತೋರಿಸಿ ಕೇಳುತ್ತಾನೆ: "ಇದುಕ್ಕೇನಾರ ಬರುತ್ತಾ ಸ್ವಾಮಿ?"